ತೂಕದ ಚೀಟಿಯಿಂದ ಸರ್ವರ್‌ವರೆಗೆ: ಅಪ್ಲಿಕೇಶನ್ ಕೋಡಿನಿಂದ ವೆಬ್ ಸೇವೆಗೆ ಜೇಸನ್ ಮಾಹಿತಿ ಕಳುಹಿಸುವ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ಭರಾಟೆ. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯ ರೈತರ ಚೀಲಗಳು ಅಡತ್ ಅಂಗಡಿಯ ಮುಂದೆ ಇಳಿಯುತ್ತವೆ, ಹಮಾಲರು ಒಂದೊಂದನ್ನೇ ಕಾಟಾದ ಮೇಲೆ ಇಡುತ್ತಾರೆ, ಮುನೀಮರು ತೂಕ ಬರೆದುಕೊಂಡು ಚೀಟಿ ಹರಿದು ಕೊಡುತ್ತಾರೆ. ಆ ಚೀಟಿಯ ವಿವರ ಈಗ ಅಂಗಡಿಯ ಕಂಪ್ಯೂಟರಿನಲ್ಲಷ್ಟೇ ಉಳಿಯದೆ, ಲೆಕ್ಕಪತ್ರ ನೋಡಿಕೊಳ್ಳುವ ಸೇವೆಗೋ ಖರೀದಿದಾರರ ವ್ಯವಸ್ಥೆಗೋ ಇಂಟರ್ನೆಟ್ ಮೂಲಕ ತಲುಪಬೇಕಾಗುತ್ತದೆ. ಇಂಥ ಅಂಗಡಿಗಳಿಗೆ ತಂತ್ರಾಂಶ ಬರೆದುಕೊಡುವುದು ನನ್ನ ಉದ್ಯೋಗ. ಒಂದೇ ಒಂದು ತೂಕದ ಚೀಟಿಯನ್ನು ಉದಾಹರಣೆಯಾಗಿ ಹಿಡಿದು, ಅದನ್ನು ಜೇಸನ್ (JSON) ಎಂಬ, ಪ್ರೋಗ್ರಾಂಗಳು ಪರಸ್ಪರ ಮಾಹಿತಿ ಕೊಟ್ಟು ತೆಗೆದುಕೊಳ್ಳಲು ಬಳಸುವ ಪಠ್ಯರೂಪದಲ್ಲಿ ಅಪ್ಲಿಕೇಶನ್ ಕೋಡಿನಿಂದ ವೆಬ್ ಸೇವೆಗೆ ಸುರಕ್ಷಿತವಾಗಿ ಮುಟ್ಟಿಸುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿ ಸಣ್ಣಪುಟ್ಟ ಕೋಡು ಬರೆದು ಅಭ್ಯಾಸವಿರುವವರಿಗೆ ಇಷ್ಟು ಸಾಕಾಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಳುಹಿಸುವ ಕೋಡು ಹೆಚ್ಚೆಂದರೆ ಐದಾರು ಸಾಲು, ಅದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಬರೆದಾರು. ತಿಂಗಳುಗಟ್ಟಲೆ ಕಾಡುವ ತೊಂದರೆಗಳೆಲ್ಲ ಆ ಐದಾರು ಸಾಲಿನ ಹಿಂದೆ ಮತ್ತು ಮುಂದೆ ಇವೆ: ಹಿಂದೆ, ಮಾಹಿತಿಗೆ ಸರಿಯಾದ ರೂಪ ಕೊಡುವಲ್ಲಿ, ಮುಂದೆ, ಸರ್ವರಿನಿಂದ ಉತ್ತರವೇ ಬಾರದಿದ್ದಾಗ ಏನು ಮಾಡಬೇಕೆಂದು ನಿರ್ಧರಿಸುವಲ್ಲಿ. ಆದ್ದರಿಂದ ಈ ಬರಹವೂ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಹಂತ 1: ಸೇವೆಯ ಕೈಪಿಡಿಯನ್ನು ಓದುವುದು

ಕೋಡು ಬರೆಯಲು ಕೂರುವ ಮೊದಲು, ಸೇವೆ ಕೊಡುವವರ ಎಪಿಐ (ಬೇರೆ ಪ್ರೋಗ್ರಾಂಗಳು ಸೇವೆಯೊಡನೆ ಮಾತಾಡುವ ಬಗೆ) ಕೈಪಿಡಿಯಿಂದ ಕೆಲವು ಸಂಗತಿಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಮಾಹಿತಿ ಹೋಗಬೇಕಾದ ಯುಆರ್‌ಎಲ್ ಯಾವುದು, ವಿಧಾನ ಪೋಸ್ಟೋ (ಹೊಸದಾಗಿ ಸೇರಿಸು) ಪುಟ್ಟೋ (ಈ ವಿಳಾಸದಲ್ಲಿ ಇಡು), ಗುರುತಿನ ಟೋಕನ್ ಯಾವ ಹೆಡರಿನಲ್ಲಿ (ಕೋರಿಕೆಯ ಮೇಲ್ಭಾಗದ ವಿವರದ ಸಾಲಿನಲ್ಲಿ) ಹೋಗಬೇಕು, ಯಾವ ಕ್ಷೇತ್ರಗಳು ಕಡ್ಡಾಯ, ಯಶಸ್ಸಾದಾಗ ಮತ್ತು ತಪ್ಪಾದಾಗ ಬರುವ ಉತ್ತರದ ರೂಪ ಹೇಗಿರುತ್ತದೆ. ಹೊಸಬರು ಸಾಮಾನ್ಯವಾಗಿ ಬಿಟ್ಟುಬಿಡುವ ಇನ್ನೊಂದು ಪ್ರಶ್ನೆಯೂ ಇದೆ: ಒಂದೇ ಚೀಟಿ ಎರಡು ಸಲ ಬಂದರೆ ಸೇವೆ ಏನು ಮಾಡುತ್ತದೆ? ಕೈಪಿಡಿಯಲ್ಲಿ ಇದಕ್ಕೆ ಉತ್ತರವಿಲ್ಲದಿದ್ದರೆ ಪತ್ರ ಬರೆದು ಕೇಳಿ ತಿಳಿದುಕೊಳ್ಳಿ. ಏಳನೆಯ ಹಂತ ಪೂರ್ತಿಯಾಗಿ ಈ ಉತ್ತರದ ಮೇಲೆಯೇ ನಿಂತಿದೆ.

ಯುಆರ್‌ಎಲ್ ನಕಲು ಮಾಡುವಾಗ ಎಚ್ಚರ ಬೇಕು. ಎಚ್‌ಟಿಟಿಪಿಎಸ್ ಎಂದಿರುವಲ್ಲಿ ಎಚ್‌ಟಿಟಿಪಿ ಎಂದು ಬರೆದರೆ, ಹಲವು ಸರ್ವರ್‌ಗಳು 301 ಅಥವಾ 302 ಸಂಖ್ಯೆಯ ಉತ್ತರ ಕೊಟ್ಟು ಸರಿಯಾದ ವಿಳಾಸಕ್ಕೆ ಕಳುಹಿಸುತ್ತವೆ. ಆಗ ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ, ಬ್ರೌಸರಿನ ಫೆಚ್ ಎರಡೂ ಪೋಸ್ಟನ್ನು ಸದ್ದಿಲ್ಲದೆ ಗೆಟ್ (ಮಾಹಿತಿ ಕೇಳುವ ವಿಧಾನ) ಆಗಿ ಬದಲಿಸಿ, ಬಾಡಿಯನ್ನು, ಅಂದರೆ ಕಳುಹಿಸಿದ ಮಾಹಿತಿಯನ್ನು, ದಾರಿಯಲ್ಲೇ ಬಿಟ್ಟು ಹೋಗುತ್ತವೆ. ಉತ್ತರವೇನೋ 200, ಅಂದರೆ ಸರಿ, ಎಂದೇ ಬರಬಹುದು, ಚೀಟಿ ಮಾತ್ರ ಎಲ್ಲೂ ದಾಖಲಾಗಿರುವುದಿಲ್ಲ. ಯುಆರ್‌ಎಲ್‌ನ ಕೊನೆಯ ಓರೆಗೆರೆ ಹೆಚ್ಚುಕಡಿಮೆಯಾದರೂ ಇದೇ ಪಾಡು. ಪೋಸ್ಟನ್ನು ಪೋಸ್ಟಾಗಿಯೇ ಉಳಿಸುವ ಮರುನಿರ್ದೇಶನಗಳು 307 ಮತ್ತು 308 ಮಾತ್ರ.

ಹಂತ 2: ಚೀಟಿಗೆ ರೂಪ ಕೊಡುವುದು

ಜೇಸನ್ ಎಂಬ ಬರವಣಿಗೆಯ ಕ್ರಮವನ್ನು 2000ದ ದಶಕದ ಆರಂಭದಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ರೂಢಿಗೆ ತಂದರು. ಈಗ ಚಾಲ್ತಿಯಲ್ಲಿರುವ ಇಂಟರ್ನೆಟ್ ಮಾನದಂಡ 2017ರ ಆರ್‌ಎಫ್‌ಸಿ 8259. ಅದರಲ್ಲಿ ಇರುವುದು ಸ್ಟ್ರಿಂಗ್, ಸಂಖ್ಯೆ, ಆಬ್ಜೆಕ್ಟ್, ಪಟ್ಟಿ, ಹೌದು-ಇಲ್ಲ ಮತ್ತು ನಲ್ ಇಷ್ಟೇ. ನಮ್ಮ ಚೀಟಿ ಆ ರೂಪದಲ್ಲಿ ಹೀಗಿರುತ್ತದೆ:

{
  "ಚೀಟಿ": "0417",
  "ತೂಗಿದ_ದಿನ": "2025-01-21",
  "ಸರಕು": "ತೊಗರಿ",
  "ರೈತ": {
    "ಊರು": "ಚಿಂಚೋಳಿ",
    "ಖಾತೆ": "09007199254740993"
  },
  "ಚೀಲ_ಗ್ರಾಂ": [50200, 50400, 49800],
  "ದರ_ಪೈಸೆ": 755000,
  "ಮೊತ್ತ_ಪೈಸೆ": 1135520
}

ಕೀಲಿಗಳನ್ನು ಕನ್ನಡದಲ್ಲಿ ಬರೆಯಲು ಜೇಸನ್ ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ. ಆದರೂ ನಿಮ್ಮ ಸೇವೆಯ ಕೈಪಿಡಿ ಯಾವ ಹೆಸರು ಹೇಳುತ್ತದೆಯೋ ಅದನ್ನೇ, ಅದೇ ಕಾಗುಣಿತದಲ್ಲಿ ಬಳಸಬೇಕು. ಆಬ್ಜೆಕ್ಟಿನ ಕೊನೆಯ ಕ್ಷೇತ್ರದ ನಂತರ ಅಲ್ಪವಿರಾಮ ಇಡುವಂತಿಲ್ಲ, ಒಂಟಿ ಉದ್ಧರಣ ಚಿಹ್ನೆ ನಡೆಯುವುದಿಲ್ಲ, ಟಿಪ್ಪಣಿ ಬರೆಯುವಂತಿಲ್ಲ.

ಈಗ ಒಂದೊಂದೇ ಕ್ಷೇತ್ರವನ್ನು ನೋಡೋಣ, ಏಕೆಂದರೆ ಇಲ್ಲಿನ ಪ್ರತಿಯೊಂದು ಆಯ್ಕೆಗೂ ಕಾರಣವಿದೆ. ಚೀಟಿಯ ಸಂಖ್ಯೆ ಉದ್ಧರಣದೊಳಗಿದೆ. ನಾವು ಅದನ್ನು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅದು ಗುರುತು ಮಾತ್ರ. ಸಂಖ್ಯೆಯೆಂದು ಬರೆದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ, ಜೇಸನ್‌ನಲ್ಲಂತೂ ಸೊನ್ನೆಯಿಂದ ಶುರುವಾಗುವ ಪೂರ್ಣಸಂಖ್ಯೆ ವ್ಯಾಕರಣದೋಷವೇ ಆಗುತ್ತದೆ. ಬ್ಯಾಂಕ್ ಖಾತೆಯ ವಿಷಯ ಇನ್ನೂ ಗಂಭೀರ. ಜಾವಾಸ್ಕ್ರಿಪ್ಟ್ ಎಲ್ಲ ಸಾಮಾನ್ಯ ಸಂಖ್ಯೆಗಳನ್ನೂ 64 ಬಿಟ್‌ನ ತೇಲುಬಿಂದು (ಫ್ಲೋಟಿಂಗ್ ಪಾಯಿಂಟ್) ರೂಪದಲ್ಲಿ ಇಡುವುದರಿಂದ 9007199254740991ರ ಆಚೆಯ ಪೂರ್ಣಸಂಖ್ಯೆಗಳನ್ನು ಅದು ಚಾಚೂ ತಪ್ಪದೆ ಹಿಡಿದಿಡಲಾರದು. ಮೇಲಿನ ಉದಾಹರಣೆಗೆಂದು ನಾನು ಕಟ್ಟಿದ ಖಾತೆಯ ಅಂಕಿಯನ್ನು ಸಂಖ್ಯೆಯಾಗಿ ಕಳುಹಿಸಿದರೆ ಆ ತುದಿಯಲ್ಲಿ ಕೊನೆಯ 3 ಹೋಗಿ 2 ಆಗಿರುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ. ಹಣ ಬೇರೆಯವರ ಖಾತೆಯ ಕಡೆಗೆ ಮುಖ ಮಾಡಿರುತ್ತದೆ ಅಷ್ಟೇ.

ತೂಕವನ್ನು ಗ್ರಾಂನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಸಂಖ್ಯೆಯಾಗಿ ಇಟ್ಟಿರುವುದಕ್ಕೂ ಅದೇ ತೇಲುಬಿಂದುವೇ ಕಾರಣ. 0.1 ಮತ್ತು 0.2 ಕೂಡಿಸಿದರೆ ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ 0.30000000000000004 ಬರುತ್ತದೆಂಬುದನ್ನು ಯಾರೂ ಪರೀಕ್ಷಿಸಿ ನೋಡಬಹುದು. ದರ 2024-25ರ ಹಂಗಾಮಿನ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 7550 ರೂಪಾಯಿ, ಅಂದರೆ 755000 ಪೈಸೆ. ಮೂರು ಚೀಲ ಸೇರಿ 150.4 ಕಿಲೋ, ಮೊತ್ತ 11355 ರೂಪಾಯಿ 20 ಪೈಸೆ. ಈ ಲೆಕ್ಕವನ್ನು ಕೋಡಿನ ಪರೀಕ್ಷೆಯಲ್ಲಿಯೇ ಸೇರಿಸಿಡುವುದು ಒಳ್ಳೆಯದು. ಸೇವೆಯವರು ದಶಮಾಂಶವೇ ಬೇಕೆಂದರೆ, ಒಳಗಿನ ಲೆಕ್ಕವನ್ನೆಲ್ಲ ಪೈಸೆಯಲ್ಲಿ ಮುಗಿಸಿ, ಕಳುಹಿಸುವ ಗಳಿಗೆಯಲ್ಲಿ ಮಾತ್ರ ರೂಪಾಯಿಗೆ ಬದಲಿಸಿ.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಬರೆಯಬೇಕು. 03-04-2025 ಎಂದರೆ ನಮಗೆ ಏಪ್ರಿಲ್ ಮೂರು, ಅಮೆರಿಕದ ರೂಢಿಯಲ್ಲಿ ಮಾರ್ಚ್ ನಾಲ್ಕು. ಗಂಟೆ ನಿಮಿಷವೂ ಬೇಕಾದಲ್ಲಿ ದಿನಾಂಕದ ನಂತರ ಇಂಗ್ಲಿಷಿನ ದೊಡ್ಡಕ್ಷರದ ಟಿ, ಆಮೇಲೆ ಸಮಯ, ಕೊನೆಗೆ ಭಾರತೀಯ ಕಾಲಮಾನದ +05:30 ಸೇರಿಸಬೇಕು. ಕೊನೆಯದನ್ನು ಬಿಟ್ಟರೆ ಬೆಳಗಿನ ಜಾವ ಮೂರಕ್ಕೆ ಇಳಿದ ಲಾರಿಯ ಚೀಟಿ ಸರ್ವರಿನ ಲೆಕ್ಕದಲ್ಲಿ ಹಿಂದಿನ ದಿನಕ್ಕೋ, ಐದೂವರೆ ಗಂಟೆ ತಡವಾಗಿಯೋ ಬೀಳಬಹುದು.

ಗೊತ್ತಿಲ್ಲದ ಮಾಹಿತಿಯನ್ನು ಹೇಗೆ ಬರೆಯಬೇಕು ಎಂಬುದೂ ರೂಪದ ಪ್ರಶ್ನೆಯೇ. ತೇವಾಂಶ ಅಳೆಯದಿದ್ದರೆ 0 ಎಂದು ಬರೆಯುವುದು ಸುಳ್ಳು ಹೇಳಿದಂತೆ. ಸೊನ್ನೆ, ಖಾಲಿ ಸ್ಟ್ರಿಂಗ್, ನಲ್, ಇಲ್ಲವೇ ಇಲ್ಲದ ಕೀಲಿ, ಈ ನಾಲ್ಕೂ ಬೇರೆಬೇರೆ. ಇವುಗಳಲ್ಲಿ ಯಾವುದನ್ನು ಸೇವೆ "ತಿಳಿಯದು" ಎಂದು ಓದುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಕನ್ನಡ ಕೀಲಿಮಣೆ ಬಳಸುವ ಅಂಗಡಿಗಳಲ್ಲಿ ಇನ್ನೊಂದು ವಿಚಿತ್ರವನ್ನು ಕಂಡಿದ್ದೇನೆ. ಮುನೀಮರು ತೂಕವನ್ನು ೫೦ ಎಂದು ಕನ್ನಡ ಅಂಕಿಯಲ್ಲೇ ಹೊಡೆಯುತ್ತಾರೆ, ಅದು ಅವರ ಹಕ್ಕು. ಪೈಥಾನ್ ಅದನ್ನು ಪೂರ್ಣಸಂಖ್ಯೆಯಾಗಿ ಬದಲಿಸಲು ತಕರಾರು ಮಾಡುವುದಿಲ್ಲ. ಜಾವಾಸ್ಕ್ರಿಪ್ಟ್ ಮಾತ್ರ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಜೇಸನ್ ನಿಯಮದಲ್ಲಂತೂ 0ಯಿಂದ 9ರವರೆಗಿನ ಅಂಕಿಗಳಿಗಷ್ಟೇ ಪ್ರವೇಶ. ಆದ್ದರಿಂದ ನಮೂನೆಯಿಂದ ಬಂದ ಅಂಕಿಗಳನ್ನು ಒಳಗೆ ತೆಗೆದುಕೊಳ್ಳುವಾಗಲೇ ಬದಲಿಸಿಬಿಡಬೇಕು.

ಹಂತ 3: ಅಕ್ಷರದಿಂದ ಬೈಟಿಗೆ

ತಂತಿಯ ಮೇಲೆ ಹೋಗುವುದು ಬೈಟುಗಳು. ಬೇರೆಬೇರೆ ವ್ಯವಸ್ಥೆಗಳ ನಡುವೆ ಹೋಗುವ ಜೇಸನ್ ಯುಟಿಎಫ್-8ರಲ್ಲೇ ಇರಬೇಕೆಂದು ಆರ್‌ಎಫ್‌ಸಿ 8259 ವಿಧಿಸುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್. "ಚಿಂಚೋಳಿ" ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಚ, ಇಕಾರದ ಗುಡಿಸು, ಸೊನ್ನೆ, ಚ, ಓಕಾರ, ಳ, ಮತ್ತೆ ಗುಡಿಸು ಎಂದು ಏಳು ಸಂಕೇತ. ಬೈಟಿನ ಲೆಕ್ಕದಲ್ಲಿ ಇಪ್ಪತ್ತೊಂದು.

ಈ ಲೆಕ್ಕ ತಪ್ಪಿ ನಾನು ಮೂರು ದಿನ ಕಳೆದುಕೊಂಡಿದ್ದೇನೆ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಮೂಲ ಎಚ್‌ಟಿಟಿಪಿ ಮಾಡ್ಯೂಲ್ ಬಳಸಿ, ಕಂಟೆಂಟ್-ಲೆಂತ್ ಎಂಬ, ಬಾಡಿಯ ಉದ್ದ ಹೇಳುವ ಹೆಡರನ್ನು ಸ್ಟ್ರಿಂಗಿನ ಉದ್ದದಿಂದಲೇ ತುಂಬಿದ್ದೆ. ಇಂಗ್ಲಿಷಿನಲ್ಲಿ ಊರ ಹೆಸರು ಹಾಕಿ ಪರೀಕ್ಷಿಸಿದಾಗ ಎಲ್ಲವೂ ಸರಾಗ. ಅಂಗಡಿಯಲ್ಲಿ ನಿಜವಾದ ಚೀಟಿ ಹೊರಟೊಡನೆ ಎಲ್ಲಕ್ಕೂ 400, "ಜೇಸನ್ ನಡುವೆಯೇ ಮುಗಿದಿದೆ" ಎಂಬ ಅರ್ಥದ ಉತ್ತರ. ಒಂದು "ಚಿಂಚೋಳಿ" ಇದ್ದರೆ ನಾನು ಹೇಳಿದ ಉದ್ದ 14 ಬೈಟ್ ಕಡಿಮೆ. ಸರ್ವರ್ ಹೇಳಿದಷ್ಟನ್ನೇ ಓದಿ ನಿಲ್ಲಿಸುತ್ತಿತ್ತು, ಬಾಲ ಹೊರಗೇ ಉಳಿಯುತ್ತಿತ್ತು. ಹೆಡರನ್ನು ಬೈಟಿನ ಎಣಿಕೆಯಿಂದ ತುಂಬಿದ ಮೇಲೆ ಸರಿಹೋಯಿತು. ಲೈಬ್ರರಿ ತಾನೇ ಈ ಹೆಡರ್ ಹಾಕುವುದಾದರೆ ನೀವು ಕೈ ಹಾಕದಿರುವುದೇ ಕ್ಷೇಮ. ಕಾಟಾಗೆ ಜೋಡಿಸಿದ ಸಣ್ಣ ಮೈಕ್ರೋಕಂಟ್ರೋಲರ್‌ಗಳಲ್ಲಿ ಮಾತ್ರ ಇದನ್ನು ಕೈಯಾರೆ ಬರೆಯಬೇಕಾಗಬಹುದು, ಅಲ್ಲಿ ಈ ಕಥೆ ನೆನಪಿರಲಿ.

ಪೈಥಾನಿನ ಜೇಸನ್ ಮಾಡ್ಯೂಲ್ ತಾನಾಗಿ ಕನ್ನಡವನ್ನು ಕನ್ನಡವಾಗಿ ಬರೆಯುವುದಿಲ್ಲ; ಪ್ರತಿ ಸಂಕೇತವನ್ನೂ ಹಿಂಬದಿ ಓರೆಗೆರೆ, ಯು ಮತ್ತು ನಾಲ್ಕು ಹೆಕ್ಸಾಡೆಸಿಮಲ್ ಅಂಕಿಗಳ ರೂಪಕ್ಕೆ ಇಳಿಸುತ್ತದೆ. ಆಗ "ಚಿಂಚೋಳಿ"ಗೆ 42 ಬೈಟ್. ಇದೂ ಸರಿಯಾದ ಜೇಸನ್ನೇ, ಓದುವ ತುದಿಯಲ್ಲಿ ಎರಡಕ್ಕೂ ಒಂದೇ ಫಲ. ಲಾಗ್ ನೋಡುವಾಗ ಕನ್ನಡ ಕಾಣಬೇಕೆಂದರೆ ಎನ್ಶೂರ್-ಆಸ್ಕಿ ಎಂಬ ಆಯ್ಕೆಯನ್ನು ನಿಲ್ಲಿಸಿ, ಬಂದ ಸ್ಟ್ರಿಂಗನ್ನು ನೀವೇ ಯುಟಿಎಫ್-8 ಬೈಟುಗಳಿಗೆ ಬದಲಿಸಿ ಕೊಡಿ. ಬೈಟಿಗೆ ಬದಲಿಸದೆ ಸ್ಟ್ರಿಂಗನ್ನೇ ಕೊಟ್ಟರೆ, ಪೈಥಾನಿನ ಜೊತೆಗೇ ಬರುವ ಎಚ್‌ಟಿಟಿಪಿ ಲೈಬ್ರರಿ ಅದನ್ನು ಐಎಸ್‌ಒ-8859-1 (ಕನ್ನಡವಿಲ್ಲದ ಹಳೆಯ ಅಕ್ಷರಸಂಕೇತ) ಎಂದು ತಿಳಿದು, ಮೊದಲ ಕನ್ನಡ ಅಕ್ಷರಕ್ಕೇ ಮುಗ್ಗರಿಸುತ್ತದೆ.

ಇನ್ನು, ಒಂದೇ ಊರು ಎರಡಾಗುವ ಸಮಸ್ಯೆ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ "ಚಿಂಚೋಳಿ" ಒಂಬತ್ತು ಸಂಕೇತ, 27 ಬೈಟ್. ಪರದೆಯ ಮೇಲೆ ಎರಡೂ ಒಂದೇ ತರಹ ಕಂಡರೂ ಕಂಪ್ಯೂಟರಿಗೆ ಅವು ಬೇರೆ ಊರುಗಳು, ವರದಿಯಲ್ಲಿ ಎರಡು ಸಾಲಾಗಿ ನಿಲ್ಲುತ್ತವೆ. ಕಳುಹಿಸುವ ಮೊದಲು ಎಲ್ಲ ಸ್ಟ್ರಿಂಗುಗಳನ್ನೂ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ಬಗೆಯಲ್ಲಿ ಬರೆಯುವ ರೂಪ) ತಂದರೆ ಈ ತಂಟೆ ಇರುವುದಿಲ್ಲ. ಪೈಥಾನಿನ ಯೂನಿಕೋಡ್-ಡೇಟಾ ಮಾಡ್ಯೂಲ್‌ನಲ್ಲಿಯೂ ಜಾವಾಸ್ಕ್ರಿಪ್ಟ್ ಸ್ಟ್ರಿಂಗಿನ ನಾರ್ಮಲೈಸ್ ವಿಧಾನದಲ್ಲಿಯೂ ಇದಕ್ಕೆ ಒಂದು ಸಾಲು ಸಾಕು.

ಹಂತ 4: ಮೊದಲ ಸಲ ಕೈಯಿಂದಲೇ ಕಳುಹಿಸುವುದು

ಅಪ್ಲಿಕೇಶನ್ನಿನೊಳಗೆ ಸೇರಿಸುವ ಮೊದಲು ಕಮಾಂಡ್ ಸಾಲಿನಿಂದ ಒಮ್ಮೆ ಕಳುಹಿಸಿ ನೋಡಬೇಕು. ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದ ಕರ್ಲ್ ಇದಕ್ಕೆ ಯೋಗ್ಯ ಸಾಧನ. ಇಂದಿನ ವಿಂಡೋಸ್‌ನಲ್ಲಿಯೂ ಅದು ಮೊದಲೇ ಇರುತ್ತದೆ. ಚೀಟಿಯನ್ನು ಆಜ್ಞೆಯೊಳಗೇ ಬರೆಯಲು ಹೋದರೆ ವಿಂಡೋಸ್‌ನ ಉದ್ಧರಣ ಚಿಹ್ನೆಗಳ ಜೊತೆ ಗುದ್ದಾಡಬೇಕಾಗುತ್ತದೆ, ಆದ್ದರಿಂದ ಒಂದು ಕಡತದಲ್ಲಿ ಬರೆದಿಟ್ಟು ಆ ಕಡತದ ಹೆಸರನ್ನು ಕೊಡುವುದು ಮೇಲು. ಕಡತ ಯುಟಿಎಫ್-8ರಲ್ಲಿ ಇರಲಿ, ಆರಂಭದಲ್ಲಿ ಬಾಮ್ ಎಂಬ ಮೂರು ಬೈಟಿನ ಗುರುತು ಇರದಿರಲಿ. ಹಳೆಯ ನೋಟ್‌ಪ್ಯಾಡ್ ಅದನ್ನು ಕೇಳದೆಯೇ ಸೇರಿಸುತ್ತಿತ್ತು.

ಕರ್ಲ್‌ನ ಡೇಟಾ ಆಯ್ಕೆ ತಾನಾಗಿ ಮಾಹಿತಿಯನ್ನು ವೆಬ್ ನಮೂನೆಯೆಂದು ಗುರುತು ಹಾಕಿ ಕಳುಹಿಸುತ್ತದೆ. ಕಂಟೆಂಟ್-ಟೈಪ್ ಹೆಡರಿನಲ್ಲಿ ಅಪ್ಲಿಕೇಶನ್ ಓರೆಗೆರೆ ಜೇಸನ್ ಎಂದು ನೀವೇ ಹೇಳಬೇಕು, ಇಲ್ಲದಿದ್ದರೆ 415 (ಈ ಬಗೆಯ ಮಾಹಿತಿ ಒಪ್ಪುವುದಿಲ್ಲ ಎಂಬ ಉತ್ತರ) ಬರುವುದೇ ಹೆಚ್ಚು. 2022ರ ಮಾರ್ಚ್‌ನಲ್ಲಿ ಬಂದ 7.82.0 ಆವೃತ್ತಿಯಿಂದ ಜೇಸನ್ ಎಂಬ ಪ್ರತ್ಯೇಕ ಆಯ್ಕೆಯೇ ಇದ್ದು, ಅದು ಈ ಹೆಡರನ್ನೂ, ಉತ್ತರ ಯಾವ ರೂಪದಲ್ಲಿ ಬೇಕೆಂದು ಹೇಳುವ ಅಕ್ಸೆಪ್ಟ್ ಹೆಡರನ್ನೂ ತಾನೇ ಸೇರಿಸುತ್ತದೆ. ಜೊತೆಗೆ ವರ್ಬೋಸ್ ಆಯ್ಕೆ ಕೊಟ್ಟರೆ ಹೋದ ಹೆಡರುಗಳು, ಬಂದ ಹೆಡರುಗಳು ಎಲ್ಲವೂ ಕಣ್ಣೆದುರು ಇಳಿಯುತ್ತವೆ. ಈ ಹಂತದಲ್ಲಿ ಬೇಕೆಂತಲೇ ಒಂದು ಕಡ್ಡಾಯ ಕ್ಷೇತ್ರವನ್ನು ಕಿತ್ತುಹಾಕಿ ಕಳುಹಿಸಿ, ತಪ್ಪಿನ ಉತ್ತರ ಹೇಗಿರುತ್ತದೆಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದೆ ಅದೇ ಉಪಯೋಗಕ್ಕೆ ಬರುತ್ತದೆ.

ಹಂತ 5: ಕೋಡಿನಿಂದ ಕಳುಹಿಸುವುದು

ಪೈಥಾನಿನಲ್ಲಿ ರಿಕ್ವೆಸ್ಟ್ಸ್ ಲೈಬ್ರರಿಯ ಪೋಸ್ಟ್ ಫಂಕ್ಷನ್‌ಗೆ ಯುಆರ್‌ಎಲ್ ಕೊಟ್ಟು, ಚೀಟಿಯ ಡಿಕ್ಷನರಿಯನ್ನು ಜೇಸನ್ ಎಂಬ ಆರ್ಗ್ಯುಮೆಂಟಿಗೆ ಒಪ್ಪಿಸಿದರೆ ಬಾಡಿಯೂ ಕಂಟೆಂಟ್-ಟೈಪ್ ಹೆಡರೂ ಸಿದ್ಧವಾಗುತ್ತವೆ. ಅದೇ ಡಿಕ್ಷನರಿಯನ್ನು ಡೇಟಾ ಎಂಬ ಆರ್ಗ್ಯುಮೆಂಟಿಗೆ ಕೊಟ್ಟರೆ ಜೇಸನ್ ಹೋಗುವುದಿಲ್ಲ, ವೆಬ್ ನಮೂನೆಯ ರೂಪದಲ್ಲಿ ಹೋಗುತ್ತದೆ. ಹೊಸಬರ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದೊಂದರಿಂದಲೇ ಹುಟ್ಟುತ್ತವೆ ಎಂದು ನನಗೆ ಅನ್ನಿಸಿದೆ. ಟೈಮ್‌ಔಟ್ ಆರ್ಗ್ಯುಮೆಂಟನ್ನು ತಪ್ಪದೆ ಕೊಡಬೇಕು. ಕೊಡದಿದ್ದರೆ ಈ ಲೈಬ್ರರಿ ಎಷ್ಟು ಹೊತ್ತಾದರೂ ಕಾಯುತ್ತದೆ, ಅಂಗಡಿಯ ಪರದೆ ಮರಗಟ್ಟಿ ನಿಲ್ಲುತ್ತದೆ. ನಾನು ಸಂಪರ್ಕಕ್ಕೆ 5 ಸೆಕೆಂಡ್, ಓದಲು 20 ಸೆಕೆಂಡ್ ಎಂದು ಎರಡು ಅಂಕಿಗಳನ್ನು ಬೇರೆಯಾಗಿ ಕೊಡುತ್ತೇನೆ. ಡೆಸಿಮಲ್ ಮತ್ತು ದಿನಾಂಕದ ಆಬ್ಜೆಕ್ಟುಗಳನ್ನು ಪೈಥಾನಿನ ಜೇಸನ್ ಮಾಡ್ಯೂಲ್ ತಾನಾಗಿ ಬರೆಯಲಾರದು, ಅವನ್ನು ಮೊದಲೇ ಪೂರ್ಣಸಂಖ್ಯೆಗೂ ಸ್ಟ್ರಿಂಗಿಗೂ ಬದಲಿಸಿರಬೇಕು; ಎರಡನೆಯ ಹಂತವನ್ನು ಪಾಲಿಸಿದವರಿಗೆ ಆ ಕೆಲಸ ಆಗಲೇ ಮುಗಿದಿದೆ.

ಜಾವಾಸ್ಕ್ರಿಪ್ಟ್‌ನಲ್ಲಿ ಫೆಚ್ ಬಳಸುವವರು ಮೂರು ಕೆಲಸಗಳನ್ನು ತಾವೇ ಮಾಡಬೇಕು. ಆಬ್ಜೆಕ್ಟನ್ನು ಜೇಸನ್‌ನ ಸ್ಟ್ರಿಂಗಿಫೈ ವಿಧಾನದಿಂದ ಸ್ಟ್ರಿಂಗ್ ಮಾಡಬೇಕು, ಕಂಟೆಂಟ್-ಟೈಪ್ ಹೆಡರ್ ಹಾಕಬೇಕು (ಹಾಕದಿದ್ದರೆ ಬರಿಯ ಪಠ್ಯವೆಂದು ಹೋಗುತ್ತದೆ), ಕಾಯುವ ಅವಧಿಯನ್ನು ಅಬಾರ್ಟ್ ಸಿಗ್ನಲ್‌ನಿಂದ ಮಿತಿಗೊಳಿಸಬೇಕು. ಫೆಚ್ 404ಕ್ಕೂ 500ಕ್ಕೂ ದೋಷ ಎಸೆಯುವುದಿಲ್ಲ ಎಂಬುದು ಮರೆಯಬಾರದ ಸಂಗತಿ. ನೆಟ್‌ವರ್ಕ್ ಕಡಿದಾಗ ಮಾತ್ರ ಅದು ಕೂಗುತ್ತದೆ. ಉತ್ತರದ ಓಕೆ ಗುಣವನ್ನು ನೀವೇ ನೋಡಬೇಕು. ಬ್ರೌಸರಿನ ಪುಟದಿಂದ ಬೇರೆ ಡೊಮೈನಿಗೆ ಜೇಸನ್ ಕಳುಹಿಸುವುದಾದರೆ, ಬ್ರೌಸರ್ ಮೊದಲು ಆಪ್ಷನ್ಸ್ ಎಂಬ ಕೋರಿಕೆಯಿಂದ ಅನುಮತಿ ಕೇಳುತ್ತದೆ. ಆ ಅನುಮತಿಯನ್ನು ಸರ್ವರ್ ಕಡೆಯವರೇ ಕೊಡಬೇಕು, ನಿಮ್ಮ ಕೋಡಿನಿಂದ ಅದನ್ನು ಸರಿಪಡಿಸಲಾಗದು.

ಟೋಕನ್ನನ್ನು ಕೋಡಿನೊಳಗೆ ಬರೆಯಬೇಡಿ, ಪರಿಸರ ಚರಗಳಲ್ಲಿ (ಎನ್ವಿರಾನ್ಮೆಂಟ್ ವೇರಿಯಬಲ್) ಅಥವಾ ಬೇರೆ ಕಾನ್ಫಿಗರೇಶನ್ ಕಡತದಲ್ಲಿ ಇಡಿ, ಲಾಗ್‌ನಲ್ಲಿ ಅದು ಬೀಳದಂತೆ ನೋಡಿಕೊಳ್ಳಿ. ಸರ್ವರಿನ ಗುರುತು ಖಚಿತಪಡಿಸುವ ಪ್ರಮಾಣಪತ್ರದ (ಸರ್ಟಿಫಿಕೇಟ್) ದೋಷ ಬಂದಾಗ ಪರಿಶೀಲನೆಯನ್ನೇ ಆಫ್ ಮಾಡುವ ಚಾಳಿ ಬೇಡ. ಬಹಳ ಸಲ ಅಂಗಡಿಯ ಕಂಪ್ಯೂಟರಿನ ತಾರೀಖು ಹಿಂದೆ ಬಿದ್ದಿರುವುದೇ ಕಾರಣವಾಗಿರುತ್ತದೆ, ಗಡಿಯಾರ ಸರಿಮಾಡಿದರೆ ಸಾಕು.

ಹಂತ 6: ಉತ್ತರವನ್ನು ಓದುವುದು

ಸ್ಥಿತಿಸಂಖ್ಯೆ ಮೊದಲು, ಬಾಡಿ ನಂತರ. 201 ಎಂದರೆ ಹೊಸ ದಾಖಲೆ ಆಯಿತು. 202 ಎಂದರೆ ತೆಗೆದುಕೊಂಡಿದ್ದೇವೆ, ಇನ್ನೂ ಕೆಲಸ ಮುಗಿದಿಲ್ಲ ಎಂದರ್ಥ. ಇದನ್ನು ಯಶಸ್ಸೆಂದು ಬರೆದುಕೊಂಡು ಮುಂದೆ ಹೋದವರು ಆಮೇಲೆ ಪರಿತಪಿಸುತ್ತಾರೆ. 400 ಅಥವಾ 422 ಬಂದರೆ ತಪ್ಪು ನಮ್ಮ ಚೀಟಿಯಲ್ಲಿದೆ. 401ಕ್ಕೆ ಟೋಕನ್ ನೋಡಬೇಕು, 403 ಎಂದರೆ ಟೋಕನ್ ಸರಿಯಿದ್ದರೂ ಅಧಿಕಾರವಿಲ್ಲ. 409 ಎಂದರೆ ಆಗಲೇ ಇರುವ ದಾಖಲೆಯೊಂದಿಗೆ ಘರ್ಷಣೆ. 429 ವೇಗ ಹೆಚ್ಚಾಯಿತೆಂಬ ಎಚ್ಚರಿಕೆ. 500ರ ಮೇಲಿನವೆಲ್ಲ ಆ ಕಡೆಯ ತೊಂದರೆ. ಕೆಲವು ಸೇವೆಗಳು 200 ಎಂದು ಹೇಳಿ ಬಾಡಿಯೊಳಗೆ ತಪ್ಪನ್ನು ಬರೆದಿರುತ್ತವೆ, ಅಂಥವುಗಳಿಗಾಗಿ ಬಾಡಿಯನ್ನೂ ಪರೀಕ್ಷಿಸಲೇಬೇಕು.

ಬಾಡಿಯನ್ನು ಜೇಸನ್ ಎಂದು ಬಿಡಿಸುವ ಮೊದಲು ಉತ್ತರದ ಕಂಟೆಂಟ್-ಟೈಪ್ ನೋಡಿ. ನಡುವಿನ ಪ್ರಾಕ್ಸಿಯೋ, ವೈಫೈ ಲಾಗಿನ್ ಪುಟವೋ ಎಚ್‌ಟಿಎಂಎಲ್ ಕೊಟ್ಟಿದ್ದರೆ ನಿಮ್ಮ ಪಾರ್ಸರ್ ಅಸಂಬದ್ಧ ದೋಷ ಹೇಳುತ್ತದೆ, ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಬಂದ ಬಾಡಿಯ ಮೊದಲ ಕೆಲವು ನೂರು ಅಕ್ಷರಗಳನ್ನು ಹಾಗೆಯೇ ಲಾಗ್ ಮಾಡಿಡುವುದು ನನ್ನ ರೂಢಿ. ರೈತರ ಖಾತೆಯ ಅಂಕಿಯಿದ್ದಲ್ಲಿ ಮಾತ್ರ ಕೊನೆಯ ನಾಲ್ಕನ್ನು ಬಿಟ್ಟು ಉಳಿದದ್ದನ್ನು ಅಳಿಸಿ.

ಹಂತ 7: ಉತ್ತರವೇ ಬಾರದಾಗ

ಒಂದು ಜನವರಿಯ ಸಂಜೆ ಗಂಜಿನಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಮುನೀಮರು ಫೋನ್ ಮಾಡಿದರು: "ಮೂರು ಸಲ ಒತ್ತೀನ್ರಿ ಸರ್, ಹೋಗ್ಯಾದೋ ಇಲ್ಲೋ ತಿಳಿವಲ್ದು." ಮೂರು ಸಲವೂ ಹೋಗಿತ್ತು. ಸರ್ವರ್ ಮೂರು ಸಲವೂ ದಾಖಲಿಸಿತ್ತು, ಉತ್ತರ ಮಾತ್ರ ಹಿಂದಿರುಗುವ ದಾರಿಯಲ್ಲಿ ಕಳೆದುಹೋಗಿತ್ತು. ಒಬ್ಬ ರೈತರ ಹೆಸರಿನಲ್ಲಿ ಒಂಬತ್ತು ಚೀಲ ಬಿದ್ದಿದ್ದವು, ತಂದದ್ದು ಮೂರು. ತಪ್ಪು ನೆಟ್‌ವರ್ಕಿನದೆಂದು ನಾನು ಜಾರಿಕೊಳ್ಳಬಹುದಿತ್ತು, ಆದರೆ ತಪ್ಪು ನನ್ನದೇ.

ಟೈಮ್‌ಔಟ್ ಎಂದರೆ "ಹೋಗಲಿಲ್ಲ" ಎಂದಲ್ಲ, "ಗೊತ್ತಿಲ್ಲ" ಎಂದು. ಕೋರಿಕೆ ದಾರಿಯಲ್ಲಿ ಸತ್ತಿರಬಹುದು, ಸರ್ವರ್ ಇನ್ನೂ ಕೆಲಸ ಮಾಡುತ್ತಿರಬಹುದು, ಅಥವಾ ಎಲ್ಲವೂ ಮುಗಿದು ಉತ್ತರವೊಂದೇ ಕಳೆದಿರಬಹುದು. ನಮ್ಮ ತುದಿಯಿಂದ ಮೂರಕ್ಕೂ ಒಂದೇ ಮುಖ. ಎಚ್‌ಟಿಟಿಪಿಯ ವಿಧಿಯಂತೆ ಪುಟ್ ಎಷ್ಟು ಸಲ ಮಾಡಿದರೂ ಒಂದು ಸಲ ಮಾಡಿದಂತೆಯೇ ಇರಬೇಕು. ಪೋಸ್ಟ್‌ಗೆ ಆ ಭರವಸೆಯಿಲ್ಲ. ಆದ್ದರಿಂದ ಮತ್ತೆ ಕಳುಹಿಸಿದರೂ ಕೆಡದಂತೆ ನಾವೇ ಏರ್ಪಾಡು ಮಾಡಿಕೊಳ್ಳಬೇಕು.

ಏರ್ಪಾಡು ಹೀಗಿದೆ. ಮುನೀಮರು ಚೀಟಿ ಉಳಿಸಿದ ಗಳಿಗೆಯಲ್ಲೇ ಅದಕ್ಕೊಂದು ಯುಯುಐಡಿ ಹುಟ್ಟಿಸಿ, ಚೀಟಿಯ ಜೊತೆಗೆ ಒಂದೇ ಡೇಟಾಬೇಸ್ ವಹಿವಾಟಿನಲ್ಲಿ (ಟ್ರಾನ್ಸಾಕ್ಷನ್) ಸ್ಥಳೀಯ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಬರೆದಿಡಬೇಕು. ಯುಯುಐಡಿ 128 ಬಿಟ್‌ನ ಗುರುತು, ಬರೆದಾಗ ಅಡ್ಡಗೆರೆ ಸೇರಿ 36 ಅಕ್ಷರ. ಆಮೇಲೆ ಹಿನ್ನೆಲೆಯಲ್ಲಿ ಓಡುವ ಕೆಲಸವೊಂದು ಬಾಕಿ ಚೀಟಿಗಳನ್ನು ಒಂದೊಂದಾಗಿ ಎತ್ತಿ, ಆ ಗುರುತನ್ನು ಐಡೆಂಪೊಟೆನ್ಸಿ-ಕೀ ಹೆಡರಿನಲ್ಲಿಟ್ಟು ಕಳುಹಿಸುತ್ತದೆ. ಅದೇ ಗುರುತು ಮತ್ತೆ ಬಂದರೆ ಸೇವೆ ಹೊಸ ದಾಖಲೆ ಮಾಡದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಗುರುತನ್ನು ಕಳುಹಿಸುವ ಫಂಕ್ಷನ್ನಿನೊಳಗೆ ಹುಟ್ಟಿಸಿದರೆ ಪ್ರತಿ ಪ್ರಯತ್ನಕ್ಕೂ ಹೊಸ ಗುರುತಾಗಿ ಇಡೀ ಏರ್ಪಾಡು ವ್ಯರ್ಥ. ನಾನು ಓದಿದ ಎಷ್ಟೋ ಕೋಡುಗಳಲ್ಲಿ ಈ ತಪ್ಪೇ ಇತ್ತು. ಸೇವೆಗೆ ಈ ಸೌಲಭ್ಯವಿಲ್ಲದಿದ್ದರೆ, ಚೀಟಿಯ ಸಂಖ್ಯೆಯೇ ಯುಆರ್‌ಎಲ್‌ನ ಭಾಗವಾಗಿರುವ ಪುಟ್ ವಿಧಾನ ಇದೆಯೇ ನೋಡಿ. ಅದೂ ಇಲ್ಲವೆಂದರೆ, ಮರುಪ್ರಯತ್ನಕ್ಕೆ ಮುಂಚೆ ಆ ಸಂಖ್ಯೆಯ ಚೀಟಿ ಅಲ್ಲಿದೆಯೇ ಎಂದು ಗೆಟ್ ಮೂಲಕ ಕೇಳಿ ನೋಡಬೇಕು. ಇದು ಮೊದಲಿನಷ್ಟು ಭದ್ರವಲ್ಲ, ಕೇಳಿದ ಮೇಲೆ ಹಳೆಯ ಕೋರಿಕೆ ತಡವಾಗಿ ತಲುಪಲೂಬಹುದು.

ಯಾವುದಕ್ಕೆ ಮರುಪ್ರಯತ್ನ? ಟೈಮ್‌ಔಟ್, ಕಡಿದ ಸಂಪರ್ಕ, 429, 502, 503, 504 ಇವಕ್ಕೆ ಹೌದು. ಗುರುತು ಜೊತೆಗಿದ್ದರೆ 500ಕ್ಕೂ ಕೆಲವು ಸಲ. 400, 401, 403, 415, 422 ಇವಕ್ಕೆ ಬೇಡ. ತಪ್ಪು ಚೀಟಿಯನ್ನು ನೂರು ಸಲ ಕಳುಹಿಸಿದರೂ ಅದು ಸರಿಯಾಗುವುದಿಲ್ಲ. ಅಂಥದ್ದನ್ನು ಬಾಕಿಯ ಸಾಲಿನಿಂದ ತೆಗೆದು ಬೇರೆ ಕೋಷ್ಟಕಕ್ಕೆ ಹಾಕಿ, ಪರದೆಯ ಮೇಲೆ ಮುನೀಮರಿಗೆ ತಿಳಿಯುವ ಮಾತಿನಲ್ಲಿ ಕಾರಣ ತೋರಿಸಿ. ಹಾಗೆ ಮಾಡದೆ ಸಾಲಿನ ತಲೆಯಲ್ಲೇ ಬಿಟ್ಟರೆ ಒಂದು ಕೆಟ್ಟ ಚೀಟಿ ಹಿಂದಿನ ನೂರನ್ನು ತಡೆದು ನಿಲ್ಲಿಸುತ್ತದೆ. ಟೋಕನ್ ಕೆಟ್ಟು 401 ಬಂದರೆ ಮಾತ್ರ ಚೀಟಿಯನ್ನು ದೂರದೆ ಸಾಲನ್ನೇ ನಿಲ್ಲಿಸಿ, ಟೋಕನ್ ಬದಲಿಸಿದ ಮೇಲೆ ಮುಂದುವರಿಸಬೇಕು.

ಮರುಪ್ರಯತ್ನದ ನಡುವಿನ ಬಿಡುವು 1, 2, 4, 8 ಸೆಕೆಂಡ್ ಎಂದು ಇಮ್ಮಡಿಸುತ್ತ ಹೋಗಿ ಐದು ನಿಮಿಷಕ್ಕೆ ನಿಲ್ಲಲಿ. ಪ್ರತಿ ಬಿಡುವಿಗೂ ಸ್ವಲ್ಪ ಯಾದೃಚ್ಛಿಕ ಕಾಲ ಸೇರಿಸಬೇಕು. ಕರೆಂಟ್ ಬಂದೊಡನೆ ಗಂಜಿನ ಅಂಗಡಿಗಳೆಲ್ಲ ಒಂದೇ ಸೆಕೆಂಡಿಗೆ ಸರ್ವರಿನ ಬಾಗಿಲು ಬಡಿದರೆ ಅದು ಮತ್ತೆ ಕುಸಿಯುತ್ತದೆ. ಉತ್ತರದಲ್ಲಿ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಕಾಯಿರಿ. ಅದರಲ್ಲಿ ಸೆಕೆಂಡುಗಳ ಸಂಖ್ಯೆಯೂ ಇರಬಹುದು, ಪೂರ್ಣ ದಿನಾಂಕವೂ ಇರಬಹುದು, ಎರಡನ್ನೂ ಓದಬಲ್ಲ ಕೋಡು ಬೇಕು. ಈ ಏರ್ಪಾಡಿನ ನಂತರ ಮುನೀಮರ ಪರದೆಯಲ್ಲಿ "ಕಳುಹಿಸು" ಎಂಬ ಗುಂಡಿಯನ್ನೇ ನಾನು ತೆಗೆದುಹಾಕಿದೆ. ಉಳಿಸಿದರೆ ಸಾಕು, ಪಕ್ಕದಲ್ಲಿ "ಬಾಕಿ 4" ಎಂಬಂತೆ ಒಂದು ಅಂಕಿ ಕಾಣುತ್ತದೆ, ಅದು ತಾನಾಗಿ ಇಳಿಯುತ್ತದೆ.

ರದ್ದತಿಯ ವಿಷಯದಲ್ಲಿ ಕ್ರಮ ಮುಖ್ಯ. ಚೀಟಿ ಬಾಕಿಯಿರುವಾಗಲೇ ಅದರ ರದ್ದತಿ ಮೊದಲು ತಲುಪಿದರೆ ಸರ್ವರ್ 404 ಎನ್ನುತ್ತದೆ, ಆಮೇಲೆ ಮೂಲ ಚೀಟಿ ಜೀವಂತವಾಗಿ ಹೋಗಿ ಕೂರುತ್ತದೆ. ಒಂದೇ ಚೀಟಿಗೆ ಸೇರಿದ ಸಂದೇಶಗಳನ್ನು ಬರೆದ ಕ್ರಮದಲ್ಲಿಯೇ, ಹಿಂದಿನದು ಮುಗಿಯದೆ ಮುಂದಿನದು ಹೊರಡದಂತೆ ಕಳುಹಿಸಬೇಕು.

ಹಂತ 8: ರಾತ್ರಿಯ ತಾಳೆ

ಅಂಗಡಿ ಮುಚ್ಚುವ ಹೊತ್ತಿಗೆ ಆ ದಿನದ ಚೀಟಿಗಳ ಎಣಿಕೆ, ಒಟ್ಟು ಗ್ರಾಂ, ಒಟ್ಟು ಪೈಸೆ ಈ ಮೂರನ್ನು ಸ್ಥಳೀಯ ಡೇಟಾಬೇಸಿನಿಂದ ತೆಗೆದು, ಸೇವೆಯಿಂದ ಅದೇ ದಿನದ ಪಟ್ಟಿಯನ್ನು ತರಿಸಿ ಹೋಲಿಸಬೇಕು. ಎಣಿಕೆಯೊಂದೇ ಸಾಲದು, ಒಂದು ಚೀಟಿ ಕಳೆದು ಇನ್ನೊಂದು ಎರಡಾದರೆ ಎಣಿಕೆ ಸರಿಯಾಗಿಯೇ ಇರುತ್ತದೆ. ಪಟ್ಟಿ ಪುಟಪುಟವಾಗಿ ಬರುವ ಸೇವೆಗಳಲ್ಲಿ ಕೊನೆಯ ಪುಟದವರೆಗೂ ತರಿಸಿದ್ದೀರೆಂದು ಖಚಿತಪಡಿಸಿಕೊಳ್ಳಿ. ವ್ಯತ್ಯಾಸ ಕಂಡರೆ ಎರಡೂ ಕಡೆಯ ಚೀಟಿಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು, ಇಲ್ಲಿದ್ದು ಅಲ್ಲಿಲ್ಲದ್ದು, ಅಲ್ಲಿದ್ದು ಇಲ್ಲಿಲ್ಲದ್ದು, ಎರಡೂ ಕಡೆ ಇದ್ದು ಮೊತ್ತ ಬೇರೆಯಾದದ್ದು ಎಂದು ಮೂರು ಸಾಲುಗಳಾಗಿ ಮುದ್ರಿಸಿ ಕೊಡುವ ಒಂದು ಸಣ್ಣ ಪ್ರೋಗ್ರಾಂ ಸಾಕು. ನಾನು ಅದನ್ನು ರಾತ್ರಿ ಒಂಬತ್ತಕ್ಕೆ ಓಡುವಂತೆ ಇಟ್ಟಿದ್ದೇನೆ. ಮುನೀಮರು ಆ ಹಾಳೆಯನ್ನು ತಮ್ಮ ರೋಜುಕೀರ್ದಿ ಪುಸ್ತಕದೊಳಗೆ ಸೇರಿಸಿ, ಮೂರೂ ಸಾಲು ಖಾಲಿಯಿದ್ದರೆ ಮೇಲೊಂದು ಗೆರೆ ಎಳೆದು, ಶಟರ್ ಇಳಿಸುತ್ತಾರೆ.